ಕೈರೋಪ್ರ್ಯಾಕ್ಟಿಕ್ ಕ್ಲೇಮ್: ಹಿಸ್ಟರಿ, ಎಕ್ಸಾಮ್ ಎಷ್ಟು ಬರೆದರೆ ಸಾಕು?

ಪ್ರಶ್ನೆ: ನಾನು ಮೈಸೂರಿನ ಒಂದು ಮೆಡಿಕಲ್ ಬಿಲ್ಲಿಂಗ್ ಕಂಪನಿಯಲ್ಲಿ ಕೆಲಸ ಮಾಡುತ್ತೇನೆ. ಅಮೆರಿಕದ ಒಂದು ಕೈರೋಪ್ರ್ಯಾಕ್ಟಿಕ್ (ಬೆನ್ನುಮೂಳೆಯನ್ನು ಕೈಯಿಂದ ಸರಿಪಡಿಸುವ ಚಿಕಿತ್ಸೆ) ಕ್ಲಿನಿಕ್ಕಿನ ಅಕೌಂಟ್ ನನ್ನ ಕೈಯಲ್ಲಿದೆ. ಸೊಂಟನೋವಿಗೆ ಬರುತ್ತಿದ್ದ 71 ವರ್ಷದ ರೋಗಿಯೊಬ್ಬರ ಏಳನೇ ವಿಸಿಟ್‌ಗೆ ಬೆನ್ನುಮೂಳೆಯ ಅಡ್ಜಸ್ಟ್‌ಮೆಂಟಿನ 98941 ಕೋಡ್, ಅದರ ಜೊತೆ ಸಕ್ರಿಯ ಚಿಕಿತ್ಸೆ ಅಂತ ಸೂಚಿಸುವ ಎಟಿ ಮಾಡಿಫೈಯರ್ ಹಾಕಿ ಕ್ಲೇಮ್ ಕಳಿಸಿದ್ದೆವು. ಮೆಡಿಕೇರ್ (ಅಮೆರಿಕ ಸರ್ಕಾರದ, ಮುಖ್ಯವಾಗಿ ವಯಸ್ಸಾದವರ ಆರೋಗ್ಯ ವಿಮೆ) ಕಡೆಯಿಂದ ರೆಕಾರ್ಡ್ ಕೇಳಿದರು. ಕೊಟ್ಟೆವು. ದಾಖಲೆ ಸಾಲದು ಅಂತ ಡಿನೈ ಆಯಿತು. ಆ ದಿನದ ನೋಟ್‌ನಲ್ಲಿ ಇದ್ದಿದ್ದು ಇಷ್ಟೇ (ಸಿ5, ಟಿ6, ಎಲ್4 ಅಂದರೆ ಕುತ್ತಿಗೆ, ಬೆನ್ನು, ಸೊಂಟದ ಒಂದೊಂದು ಮೂಳೆ): ‘ರೋಗಿ ಪರವಾಗಿಲ್ಲ ಅಂತಾರೆ. ಸಿ5, ಟಿ6, ಎಲ್4 ಅಡ್ಜಸ್ಟ್ ಮಾಡಿದೆ. ತೊಂದರೆ ಆಗಲಿಲ್ಲ. ವಾರಕ್ಕೆ ಎರಡು ಸಲ ಬರಲಿ.’ ಮೊದಲ ವಿಸಿಟ್‌ನ ಎಕ್ಸಾಮ್ ಚೆನ್ನಾಗಿದೆ, ಅದನ್ನೇ ಈ ನೋಟ್‌ಗೆ ಸೇರಿಸಿ ಅಪೀಲ್ ಹಾಕು ಅಂತಾರೆ ನಮ್ಮ ಟೀಮ್ ಲೀಡ್. ಹಾಗೆ ಮಾಡಬಹುದಾ? 2021ರಿಂದ ಹಿಸ್ಟರಿ, ಎಕ್ಸಾಮ್ ಲೆಕ್ಕಕ್ಕೇ ಇಲ್ಲ ಅಂತ ಟ್ರೈನಿಂಗ್‌ನಲ್ಲಿ ಹೇಳಿದ್ದರು. ಹಾಗಾದರೆ ಮೆಡಿಕೇರ್ ಅದನ್ನೇ ಯಾಕೆ ಕೇಳುತ್ತಿದೆ?

ಉತ್ತರ: ಸೇರಿಸಬೇಡಿ. ಮೊದಲು ಇದನ್ನು ಹೇಳಿಬಿಡುತ್ತೇನೆ. ಅಪೀಲಿನ ಗಡುವು ಹತ್ತಿರ ಬಂದಾಗ ಗಡಿಬಿಡಿಯಲ್ಲಿ ಈ ದಾರಿಯೇ ಸುಲಭ ಅನಿಸುತ್ತದೆ. ಮೊದಲ ವಿಸಿಟ್‌ನ ರೆಕಾರ್ಡನ್ನು ಏಳನೇ ವಿಸಿಟ್‌ನ ನೋಟ್ ಜೊತೆಗೆ ಇಟ್ಟು ಕಳಿಸುವುದು ಸರಿ. ಕಳಿಸಲೇಬೇಕು. ಆದರೆ ಅದನ್ನು ಏಳನೇ ವಿಸಿಟ್‌ನ ನೋಟ್ ಒಳಗೆ ತುಂಬಿದರೆ, ಆವತ್ತು ಆಗದ ಪರೀಕ್ಷೆ ಆಗಿದೆ ಅಂತ ಬರೆದ ಹಾಗಾಯಿತು. ಇದು ಸರ್ಕಾರದ ದುಡ್ಡಿನ ವಿಷಯ. ಫಾಲ್ಸ್ ಕ್ಲೇಮ್ಸ್ ಆಕ್ಟ್ ಇರುವುದೇ ಇಂಥದ್ದಕ್ಕೆ. ನಿಮ್ಮ ಟೀಮ್ ಲೀಡ್ ಕೆಟ್ಟ ಉದ್ದೇಶದಿಂದ ಹೇಳಿರಲಿಕ್ಕಿಲ್ಲ. ‘ಜೊತೆಗೆ ಇಡು’ ಅನ್ನುವುದೇ ಬಾಯಲ್ಲಿ ‘ಸೇರಿಸು’ ಅಂತ ಬಂದಿರಬಹುದು. ಕೇಳಿ ಸ್ಪಷ್ಟ ಮಾಡಿಕೊಳ್ಳಿ. ಉತ್ತರ ಇಮೇಲಿನಲ್ಲಿ ಬಂದರೆ ಇನ್ನೂ ಒಳ್ಳೆಯದು.

ಈಗ 2021ರ ವಿಷಯ. ನಿಮ್ಮ ಟ್ರೈನರ್ ಹೇಳಿದ್ದು ಸುಳ್ಳಲ್ಲ, ಆದರೆ ಅದು ಬೇರೆ ಕೋಡ್‌ಗಳ ಮಾತು. 2021ರ ಜನವರಿ 1ರಿಂದ ಬದಲಾಗಿದ್ದು ಆಫೀಸ್ ವಿಸಿಟ್ ಕೋಡ್‌ಗಳು, ಅಂದರೆ 99202ರಿಂದ 99215ರವರೆಗಿನವು. ಅದಕ್ಕೂ ಮೊದಲು 1995 ಮತ್ತು 1997ರ ಗೈಡ್‌ಲೈನ್ ಪ್ರಕಾರ ಹಿಸ್ಟರಿಯಲ್ಲಿ ಎಷ್ಟು ಅಂಶ, ಎಕ್ಸಾಮ್‌ನಲ್ಲಿ ಎಷ್ಟು ಬುಲೆಟ್ ಅಂತ ಎಣಿಸಿ ವಿಸಿಟ್‌ನ ಲೆವೆಲ್ (ಯಾವ ಕೋಡ್ ಅನ್ನುವುದು) ಹಾಕುತ್ತಿದ್ದೆವು. ಆ ಎಣಿಕೆ ನಿಂತಿತು. ಈಗ ಲೆವೆಲ್ ನಿರ್ಧಾರ ಆಗುವುದು ಡಾಕ್ಟರ್ ತೆಗೆದುಕೊಂಡ ನಿರ್ಧಾರದ ತೂಕದಿಂದ, ಇಲ್ಲವೇ ಆ ದಿನ ಕೊಟ್ಟ ಒಟ್ಟು ಸಮಯದಿಂದ. ಅಲ್ಲೂ ಹಿಸ್ಟರಿ, ಎಕ್ಸಾಮ್ ಬೇಡ ಅಂತ ಯಾರೂ ಹೇಳಿಲ್ಲ. ರೋಗಿಗೆ ಎಷ್ಟು ಬೇಕೋ ಅಷ್ಟು ಮಾಡಿ, ಬರೆಯಿರಿ ಅಂತಲೇ ಇದೆ. ಲೆವೆಲ್ ಲೆಕ್ಕದಿಂದ ಮಾತ್ರ ತೆಗೆದರು.

98940, 98941, 98942 ಆ ಗುಂಪಿನವೇ ಅಲ್ಲ. ಇವು ಬೆನ್ನುಮೂಳೆಯ ಮ್ಯಾನಿಪ್ಯುಲೇಶನ್ (ಅಡ್ಜಸ್ಟ್‌ಮೆಂಟ್) ಕೋಡ್‌ಗಳು. ಮೆಡಿಕೇರ್ ಪಾರ್ಟ್ ಬಿ ಕೈರೋಪ್ರ್ಯಾಕ್ಟರಿಗೆ ಕೊಡುವುದು ಇವಕ್ಕೆ ಮಾತ್ರ. ಆಫೀಸ್ ವಿಸಿಟ್‌ಗೆ ಕೊಡುವುದಿಲ್ಲ, ಅವರೇ ತೆಗೆದ ಎಕ್ಸ್‌ರೇಗೆ ಇಲ್ಲ, ಮಸಾಜ್ ಅಥವಾ ಟ್ರ್ಯಾಕ್ಷನ್ನಿಗೂ ಇಲ್ಲ. ಭುಜ, ಮೊಣಕಾಲಿನ ಅಡ್ಜಸ್ಟ್‌ಮೆಂಟಿನ 98943ಗೂ ಇಲ್ಲ. ಹಾಗಾಗಿ ನಿಮ್ಮ ಕ್ಲೇಮನ್ನು ಪರಿಶೀಲಿಸಿದವರ ಮುಂದೆ 2021ರ ಗೈಡ್‌ಲೈನ್ ಇರಲೇ ಇಲ್ಲ. ಇದ್ದಿದ್ದು ಮೆಡಿಕೇರ್ ಬೆನಿಫಿಟ್ ಪಾಲಿಸಿ ಮ್ಯಾನ್ಯುಯಲ್ಲಿನ 15ನೇ ಅಧ್ಯಾಯ, 240ನೇ ಸೆಕ್ಷನ್. ಕೆಲವೇ ಪುಟ, ಇಂಟರ್ನೆಟ್ಟಿನಲ್ಲಿ ಉಚಿತವಾಗಿ ಸಿಗುತ್ತದೆ. ಪ್ರಿಂಟ್ ಹಾಕಿ ಮೇಜಿನ ಮೇಲೆ ಇಟ್ಟುಕೊಳ್ಳಿ. ಈ ಅಕೌಂಟ್ ಮಾಡುವವರಿಗೆ ಅದಕ್ಕಿಂತ ಉಪಯೋಗದ ಕಾಗದ ಇನ್ನೊಂದಿಲ್ಲ.

ಇಷ್ಟು ಬಿಗಿ ಯಾಕೆ ಅಂತ ಕೇಳಬಹುದು. ಮೆಡಿಕೇರ್‌ಗೆ ಕೈರೋಪ್ರ್ಯಾಕ್ಟಿಕ್ ಸೇರಿದ್ದು 1972ರ ಕಾನೂನಿನಿಂದ. ಆಗಲೇ ಷರತ್ತು ಹಾಕಿದ್ದರು: ಬೆನ್ನುಮೂಳೆಯಲ್ಲಿ ಸಬ್‌ಲಕ್ಸೇಶನ್ (ಮೂಳೆಗಳ ಜೋಡಣೆ ಅಥವಾ ಚಲನೆ ಸರಿ ಇಲ್ಲದಿರುವುದು) ಇದೆ ಅಂತ ತೋರಿಸಬೇಕು, ಅದನ್ನು ಕೈಯಿಂದ ಸರಿಪಡಿಸುವುದಕ್ಕೆ ಮಾತ್ರ ದುಡ್ಡು. ತೋರಿಸಲು ಎಕ್ಸ್‌ರೇ ಕಡ್ಡಾಯವಾಗಿತ್ತು. 2000ದ ಜನವರಿ 1ರಿಂದ ಆ ಕಡ್ಡಾಯ ಹೋಯಿತು, ದೈಹಿಕ ಪರೀಕ್ಷೆಯಿಂದಲೂ ತೋರಿಸಬಹುದು ಅಂತಾಯಿತು. ಅಂದರೆ ಮೊದಲು ಫಿಲಂ ಹೊತ್ತಿದ್ದ ಭಾರ ಈಗ ಡಾಕ್ಟರ್ ಬರೆಯುವ ನಾಲ್ಕು ಸಾಲಿನ ಮೇಲೆ ಬಿದ್ದಿದೆ. ಆ ನಾಲ್ಕು ಸಾಲು ಇಲ್ಲದಿದ್ದರೆ ಕೊಟ್ಟ ದುಡ್ಡಿಗೆ ಆಧಾರವೇ ಇಲ್ಲ. ಅಮೆರಿಕದ ಆರೋಗ್ಯ ಇಲಾಖೆಯ ಇನ್‌ಸ್ಪೆಕ್ಟರ್ ಜನರಲ್ ಕಚೇರಿ 2016ರಲ್ಲಿ ಒಂದು ವರದಿ ಕೊಟ್ಟಿತು. 2013ರಲ್ಲಿ ಕೈರೋಪ್ರ್ಯಾಕ್ಟಿಕ್ ಸೇವೆಗೆ ಮೆಡಿಕೇರ್ ಕೊಟ್ಟ 43.81 ಕೋಟಿ ಡಾಲರ್‌ನಲ್ಲಿ ಸುಮಾರು 35.88 ಕೋಟಿ, ಅಂದರೆ ಹತ್ತಿರಹತ್ತಿರ 82 ಪರ್ಸೆಂಟ್, ನಿಯಮಕ್ಕೆ ಸರಿಹೊಂದಿರಲಿಲ್ಲ ಅಂತ ಅದರ ಅಂದಾಜು. ಇಂಥ ಅಂಕಿ ಹೊರಬಂದ ಮೇಲೆ ರೆಕಾರ್ಡ್ ಕೇಳುವವರು ಸುಮ್ಮನಿರುತ್ತಾರಾ? ನಿಮ್ಮ ಕ್ಲಿನಿಕ್ಕನ್ನೇ ಗುರಿ ಮಾಡಿದ್ದಾರೆ ಅಂದುಕೊಳ್ಳಬೇಡಿ.

ಇನ್ನು ಎಕ್ಸಾಮ್. ಇದನ್ನು ಹಿಸ್ಟರಿಗಿಂತ ಮೊದಲೇ ಹೇಳುತ್ತೇನೆ, ಕ್ಲೇಮ್‌ಗಳು ಜಾಸ್ತಿ ಬೀಳುವುದು ಇಲ್ಲೇ. ಪರೀಕ್ಷೆಯಿಂದ ಸಬ್‌ಲಕ್ಸೇಶನ್ ತೋರಿಸುವ ಅಳತೆಗೆ ಪಾರ್ಟ್ ಅಂತಾರೆ, ಪಿ, ಎ, ಆರ್, ಟಿ. ಪಿ ಅಂದರೆ ನೋವು, ಮುಟ್ಟಿದರೆ ನೋಯುವುದು. ಎ ಅಂದರೆ ಎರಡು ಬದಿಯ ಸಮತೋಲ ತಪ್ಪಿರುವುದು: ಒಂದು ಭುಜ ಇಳಿದಿದೆ, ನಡಿಗೆ ವಾಲುತ್ತದೆ, ಬೆರಳಿಟ್ಟು ನೋಡಿದರೆ ಮೂಳೆ ಒಂದು ಕಡೆ ಸರಿದ ಹಾಗಿದೆ. ಆರ್ ಅಂದರೆ ಚಲನೆ ಕಡಿಮೆ ಅಥವಾ ಅತಿ ಆಗಿರುವುದು, ಇಡೀ ಸೊಂಟದ್ದಾದರೂ ಆಗಬಹುದು, ಒಂದೇ ಮೂಳೆಯ ಲೆವೆಲ್‌ದಾದರೂ ಆಗಬಹುದು. ಟಿ ಅಂದರೆ ಸ್ನಾಯು, ಚರ್ಮ, ಲಿಗಮೆಂಟಿನ ಬದಲಾವಣೆ: ಬಿಗಿತ, ಸ್ಪ್ಯಾಸಮ್, ಊತ.

ನಾಲ್ಕರಲ್ಲಿ ಎರಡು ಇರಬೇಕು, ಆ ಎರಡರಲ್ಲಿ ಒಂದು ಎ ಅಥವಾ ಆರ್ ಆಗಿರಲೇಬೇಕು. ಈ ಎರಡನೇ ಮಾತನ್ನು ಮರೆಯುವವರೇ ಹೆಚ್ಚು. ‘ಸೊಂಟದಲ್ಲಿ ನೋವು, ಸ್ನಾಯು ಬಿಗಿ’ ಅಂತ ಡಾಕ್ಟರ್ ಅರ್ಧ ಪುಟ ಬರೆದರೂ ಸಿಕ್ಕಿದ್ದು ಪಿ ಮತ್ತು ಟಿ ಮಾತ್ರ. ಕ್ಲೇಮ್ ನಿಲ್ಲುವುದಿಲ್ಲ. ‘ಎಲ್4ರಲ್ಲಿ ಎಡಗಡೆ ಒತ್ತಿದರೆ ನೋವು, ಎಲ್4-ಎಲ್5ರಲ್ಲಿ ಬಲಕ್ಕೆ ತಿರುಗುವ ಚಲನೆ ತಡೆದಿದೆ’ ಅಂತ ಒಂದೇ ಸಾಲು ಬರೆದರೆ ಪಿ ಮತ್ತು ಆರ್ ಎರಡೂ ಸಿಕ್ಕವು, ಲೆವೆಲ್ ಕೂಡ ಸಿಕ್ಕಿತು. ಉದ್ದ ಬರೆದರೆ ಕ್ಲೇಮ್ ಉಳಿಯುತ್ತದೆ ಅನ್ನುವುದು ಭ್ರಮೆ. ಎಕ್ಸ್‌ರೇ ಇದ್ದರೆ ಅದನ್ನೂ ಆಧಾರ ಮಾಡಬಹುದು. ಆದರೆ ಚಿಕಿತ್ಸೆ ಶುರುವಾಗುವ ಹಿಂದಿನ 12 ತಿಂಗಳಲ್ಲಿ, ಇಲ್ಲವೇ ಶುರುವಾದ ಮೇಲಿನ 3 ತಿಂಗಳ ಒಳಗೆ ತೆಗೆದದ್ದಾಗಿರಬೇಕು. ಸ್ಕೋಲಿಯೋಸಿಸ್ ಥರದ, ವರ್ಷಾನುಗಟ್ಟಲೆ ಇರುವ ಸಮಸ್ಯೆಗೆ ಹಳೆಯ ಎಕ್ಸ್‌ರೇಯನ್ನೂ ಒಪ್ಪುವ ಅವಕಾಶ ಇದೆ.

ಹಿಸ್ಟರಿಗೆ ಬರೋಣ. ಮೊದಲ ವಿಸಿಟ್‌ನಲ್ಲಿ ಮ್ಯಾನ್ಯುಯಲ್ ಕೇಳುವುದು ಸಾಮಾನ್ಯ ಬುದ್ಧಿಗೆ ಹೊಳೆಯುವಂಥದ್ದೇ. ಯಾವ ತೊಂದರೆಗೆ ಬಂದರು? ಯಾವಾಗಿನಿಂದ? ಹೇಗೆ ಶುರುವಾಯಿತು, ಬಿದ್ದರಾ, ಭಾರ ಎತ್ತಿದರಾ? ನೋವು ಎಲ್ಲಿ, ಎಲ್ಲಿಗೆ ಹರಿಯುತ್ತದೆ, ಎಂಥ ನೋವು, ಎಷ್ಟು ಜೋರು, ದಿನಕ್ಕೆ ಎಷ್ಟು ಹೊತ್ತು? ಯಾವುದರಿಂದ ಜಾಸ್ತಿ, ಯಾವುದರಿಂದ ಕಡಿಮೆ? ಮೊದಲು ಏನು ಚಿಕಿತ್ಸೆ ಆಗಿತ್ತು? ಹಳೆಯ ಕಾಯಿಲೆ, ಆಪರೇಷನ್, ಈಗ ತೆಗೆದುಕೊಳ್ಳುತ್ತಿರುವ ಔಷಧಿ. ಸಂಬಂಧ ಇದ್ದರೆ ಮನೆಯವರ ಕಾಯಿಲೆ. ಇಂಟೇಕ್ ಫಾರ್ಮ್‌ನಲ್ಲಿ ರೋಗಿಯೇ ಇದನ್ನೆಲ್ಲ ತುಂಬಿರುತ್ತಾರೆ. ಡಾಕ್ಟರ್ ಅದನ್ನು ಓದಿ ನೋಟ್‌ನಲ್ಲಿ ಬಳಸಿಕೊಂಡಿದ್ದು ಕಾಣಬೇಕು. ಫಾರ್ಮ್ ಒಂದು ಕಡೆ ‘ಕಾಲಿಗೆ ಜೋಮು’ ಅನ್ನುತ್ತದೆ, ನೋಟ್ ಇನ್ನೊಂದು ಕಡೆ ‘ಕಾಲಿಗೆ ಏನೂ ಇಲ್ಲ’ ಅನ್ನುತ್ತದೆ. ಇಂಥದ್ದು ಕಣ್ಣಿಗೆ ಬಿದ್ದರೆ ಪರಿಶೀಲಕರು ಉಳಿದದ್ದನ್ನೂ ಅನುಮಾನದಿಂದಲೇ ಓದುತ್ತಾರೆ.

ಔಷಧಿಯ ಸಾಲು ಬರೀ ಬಿಲ್ಲಿಗಲ್ಲ, ಇದನ್ನು ದಯವಿಟ್ಟು ನೆನಪಿಟ್ಟುಕೊಳ್ಳಿ. ನಿಮ್ಮ ರೋಗಿಗೆ 71 ವರ್ಷ. ವಾರ್ಫರಿನ್ ಥರದ ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ, ಮೂಳೆ ತುಂಬಾ ಸವೆದಿದ್ದರೆ, ನರದ ತೊಂದರೆ ಹೆಚ್ಚುತ್ತಾ ಹೋಗುತ್ತಿದ್ದರೆ ಜೋರಾಗಿ ಅಡ್ಜಸ್ಟ್ ಮಾಡುವ ಮೊದಲು ಡಾಕ್ಟರ್ ಯೋಚಿಸಬೇಕು. ಅಪಾಯ ಏನು ಅಂತ ರೋಗಿಗೆ ಹೇಳಬೇಕು, ಹೇಳಿದ್ದನ್ನು ಬರೆಯಬೇಕು. ಹೊಸದಾಗಿ ಮೂಳೆ ಮುರಿದಿದ್ದರೆ, ಬೆನ್ನುಮೂಳೆಗೆ ಕ್ಯಾನ್ಸರ್ ಅಥವಾ ಸೋಂಕು ತಗುಲಿದ್ದರೆ, ಮೂತ್ರದ ಹಿಡಿತ ತಪ್ಪಿ ಕಾಲಿನ ಶಕ್ತಿ ಹೋಗುವ ಕಾಡಾ ಈಕ್ವೈನಾದ ಲಕ್ಷಣ ಇದ್ದರೆ ಆ ಜಾಗಕ್ಕೆ ಜೋರಿನ ಮ್ಯಾನಿಪ್ಯುಲೇಶನ್ ಮಾಡುವಂತೆಯೇ ಇಲ್ಲ. ಇದೂ ಅದೇ 240ನೇ ಸೆಕ್ಷನ್ನಿನಲ್ಲಿದೆ. ಹಿಸ್ಟರಿ ಖಾಲಿ ಇದ್ದರೆ ಆ ವಯಸ್ಸಾದವರ ಕುತ್ತಿಗೆಗೆ ಕೈ ಹಾಕುವ ಮೊದಲು ಯಾರಾದರೂ ಕೇಳಿದ್ದರಾ ಇಲ್ಲವಾ ಅಂತ ಯಾರಿಗೂ ಗೊತ್ತಾಗುವುದಿಲ್ಲ. ಬಿಲ್ಲಿಂಗ್‌ನವರು ಹಿಸ್ಟರಿ ಕೇಳಿದಾಗ ಕ್ಲಿನಿಕ್ಕಿನವರು ಇದೆಲ್ಲ ಗುಮಾಸ್ತರ ಕಾಟ ಅಂದುಕೊಳ್ಳುತ್ತಾರೆ. ಖಂಡಿತ ಅಲ್ಲ.

ಚೆನ್ನಾಗಿ ಬರೆದ ಮೊದಲ ವಿಸಿಟ್ ಹೇಗಿರುತ್ತದೆ ಅಂತ ಒಂದನ್ನು ಹತ್ತಿರದಿಂದ ನೋಡಿ. ನಿಜವಾದ ನೋಟ್ ಇಂಗ್ಲಿಷಿನಲ್ಲಿರುತ್ತದೆ, ನಾನು ಕಲ್ಪಿಸಿಕೊಂಡ ಒಂದು ಉದಾಹರಣೆಯ ಸಾರ ಹೀಗಿದೆ. ‘ಹತ್ತು ದಿನದ ಹಿಂದೆ ಗ್ಯಾರೇಜಿನಲ್ಲಿ ಪೆಟ್ಟಿಗೆ ಎತ್ತುವಾಗ ಸೊಂಟದ ಎಡಭಾಗ ಹಿಡಿದುಕೊಂಡಿತು. ನೋವು ಹತ್ತಕ್ಕೆ ಏಳು. ಎಡ ಪೃಷ್ಠದವರೆಗೆ ಹೋಗುತ್ತದೆ, ಮೊಣಕಾಲು ದಾಟುವುದಿಲ್ಲ. 15 ನಿಮಿಷಕ್ಕಿಂತ ಹೆಚ್ಚು ಕೂರಲಾಗುವುದಿಲ್ಲ, ಹಾಗಾಗಿ ಕಾರು ಓಡಿಸುವುದು ನಿಂತಿದೆ. ರಕ್ತ ತೆಳುವಾಗಿಸುವ ಔಷಧಿ ಇಲ್ಲ. ಆಸ್ವೆಸ್ಟ್ರಿ (ಸೊಂಟನೋವು ದಿನದ ಕೆಲಸಕ್ಕೆ ಎಷ್ಟು ಅಡ್ಡಿ ಅಂತ ಅಳೆಯುವ ಪ್ರಶ್ನಾವಳಿ) ಸ್ಕೋರ್ 44 ಪರ್ಸೆಂಟ್. ಸೊಂಟ ಮುಂದಕ್ಕೆ ಬಾಗುವುದು 60 ಡಿಗ್ರಿ ಇರಬೇಕಾದ ಕಡೆ 35 ಡಿಗ್ರಿ, ನೋವಿನೊಂದಿಗೆ. ಎಲ್4 ಎಡಕ್ಕೆ ಒತ್ತಿದರೆ ನೋವು, ಎಲ್4-ಎಲ್5 ಚಲನೆ ತಡೆದಿದೆ, ಎಡ ಪಕ್ಕದ ಸ್ನಾಯು ಬಿಗಿ. ಕಾಲಿನ ಶಕ್ತಿ, ಸ್ಪರ್ಶ, ರಿಫ್ಲೆಕ್ಸ್ ಸರಿ ಇವೆ.’

ಡಯಾಗ್ನೊಸಿಸ್‌ನಲ್ಲಿ ಮೊದಲು ಎಂ99.03, ಸಬ್‌ಲಕ್ಸೇಶನ್ ಹೇಳುವ ಕೋಡ್, ಅಂದರೆ ಸೊಂಟದ ಸೆಗ್ಮೆಂಟಲ್ ಡಿಸ್‌ಫಂಕ್ಷನ್. ಮೆಡಿಕೇರ್‌ಗೆ ಸಬ್‌ಲಕ್ಸೇಶನ್ನೇ ಮೊದಲ ಸಾಲಿನಲ್ಲಿರಬೇಕು. ಅದರ ಕೆಳಗೆ ರೋಗಿಯ ತೊಂದರೆ ಹೇಳುವ ಕೋಡ್, ಉದಾಹರಣೆಗೆ ಸೊಂಟನೋವಿನ ಎಂ54.50. ಎಂ54.5 ಅಂತ ಇನ್ನೂ ಹಾಕುತ್ತಿದ್ದರೆ ನಿಲ್ಲಿಸಿ. 2021ರ ಅಕ್ಟೋಬರ್ 1ಕ್ಕೇ ಅದು ಮೂರಾಗಿ ಒಡೆದಿದೆ. ನಿಮ್ಮ ಪ್ರದೇಶದ ಮೆಡಿಕೇರ್ ಪರವಾಗಿ ಕ್ಲೇಮ್ ನೋಡುವ ಗುತ್ತಿಗೆದಾರರು ಯಾವ ಎರಡನೇ ಕೋಡ್ ಒಪ್ಪುತ್ತಾರೆ ಅನ್ನುವುದು ಅವರ ಲೋಕಲ್ ಕವರೇಜ್ ಆರ್ಟಿಕಲ್‌ನಲ್ಲಿ ಸಿಗುತ್ತದೆ.

ಆಮೇಲೆ ಟ್ರೀಟ್‌ಮೆಂಟ್ ಪ್ಲಾನ್. ‘ವಾರಕ್ಕೆ ಎರಡು ಸಲ, ನಾಲ್ಕು ವಾರ. ಗುರಿ: 45 ನಿಮಿಷ ಕೂರುವಂತಾಗಬೇಕು, ಮಗಳ ಮನೆಗೆ ಕಾರು ಓಡಿಸಿಕೊಂಡು ಹೋಗುವಂತಾಗಬೇಕು, ಆಸ್ವೆಸ್ಟ್ರಿ 20ಕ್ಕಿಂತ ಕೆಳಗೆ ಬರಬೇಕು. ನಾಲ್ಕು ವಾರದ ಕೊನೆಗೆ ಮತ್ತೆ ಅಳತೆ.’ ಎಷ್ಟು ದಿನ, ವಾರಕ್ಕೆ ಎಷ್ಟು ಸಲ, ಏನು ಗುರಿ, ಯಾವುದರಿಂದ ಅಳೆಯುತ್ತೀರಿ, ಈ ನಾಲ್ಕೂ ಬೇಕು. ‘ನೋವು ಕಡಿಮೆ ಮಾಡುವುದು’ ಅಂತ ಬರೆದರೆ ಅದು ಗುರಿ ಆಗುವುದಿಲ್ಲ. ಎಲ್ಲರಿಗೂ ಅದೇ ಬರೆಯಬಹುದು, ಅಲ್ವಾ? 15 ನಿಮಿಷ ಕೂರುತ್ತಿದ್ದವರು 45 ನಿಮಿಷ ಕೂರುವುದು ಈ ಒಬ್ಬ ರೋಗಿಯ ಮಾತು, ಅಳೆಯಬಹುದಾದ ಮಾತು. ಚಿಕಿತ್ಸೆ ಶುರುವಾದ ದಿನಾಂಕ ನೋಟ್‌ನಲ್ಲೂ ಇರಬೇಕು, ಕ್ಲೇಮ್ ಫಾರ್ಮಿನ 14ನೇ ಕಾಲಮ್ಮಿನಲ್ಲೂ ಇರಬೇಕು. ಎರಡೂ ಒಂದೇ ಆಗಿರಬೇಕು. ಕೋಡರ್ ಎರಡನ್ನೂ ಒಟ್ಟಿಗೆ ನೋಡುವುದಿಲ್ಲ, ಪರಿಶೀಲಕರು ನೋಡುತ್ತಾರೆ.

ಈಗ ನಿಮ್ಮ ಏಳನೇ ವಿಸಿಟ್. ಮುಂದಿನ ವಿಸಿಟ್‌ಗಳಿಗೆ ಮ್ಯಾನ್ಯುಯಲ್ ಮತ್ತೆ ಪೂರ್ತಿ ಹಿಸ್ಟರಿ ಕೇಳುವುದಿಲ್ಲ. ಬಂದ ತೊಂದರೆ ಈಗ ಹೇಗಿದೆ, ಕಳೆದ ಸಲದಿಂದ ಏನು ಬದಲಾಗಿದೆ ಅಂತ ಕೇಳುತ್ತದೆ. ಆಮೇಲೆ ಡಯಾಗ್ನೊಸಿಸ್‌ನಲ್ಲಿ ಹೇಳಿದ ಬೆನ್ನಿನ ಭಾಗವನ್ನು ಆವತ್ತು ಪರೀಕ್ಷೆ ಮಾಡಿರಬೇಕು, ಸ್ಥಿತಿ ಬದಲಾಗಿದೆಯಾ, ಚಿಕಿತ್ಸೆ ಹಿಡಿಯುತ್ತಿದೆಯಾ ಅಂತ ಹೇಳಬೇಕು, ಆವತ್ತು ಏನು ಮಾಡಿದರು ಅಂತ ಬರೆಯಬೇಕು. ನಾಲ್ಕೈದು ಸಾಲಿನ ಕೆಲಸ. ‘ನೋವು ಈಗ ಹತ್ತಕ್ಕೆ ನಾಲ್ಕು, ಕಳೆದ ಸಲ ಐದು. 30 ನಿಮಿಷ ಕೂರುತ್ತಾರೆ, ಪಕ್ಕದ ಅಂಗಡಿಗೆ ಕಾರಿನಲ್ಲಿ ಹೋಗಿಬಂದರು. ಸೊಂಟ ಬಾಗುವುದು 48 ಡಿಗ್ರಿ. ಎಲ್4 ಎಡಕ್ಕೆ ಇನ್ನೂ ನೋಯುತ್ತದೆ, ಎಲ್4-ಎಲ್5 ಚಲನೆ ಕಡಿಮೆ ಇದೆ, ಮೊದಲಿಗಿಂತ ಪರವಾಗಿಲ್ಲ. ಎಲ್4 ಅಡ್ಜಸ್ಟ್ ಮಾಡಿದೆ. ಪ್ಲಾನ್ ಹಾಗೆಯೇ ಮುಂದುವರಿಯಲಿ.’ ಇಷ್ಟು ಬರೆಯಲು ಎರಡು ನಿಮಿಷ ಸಾಕು.

ನಿಮ್ಮ ನೋಟ್ ಪಕ್ಕದಲ್ಲಿ ಇದನ್ನಿಟ್ಟು ನೋಡಿ. ಅಲ್ಲಿ ಬದಲಾವಣೆಯ ಬಗ್ಗೆ ‘ಪರವಾಗಿಲ್ಲ’ ಅಂತ ಒಂದು ಮಾತಿದೆ, ಚಿಕಿತ್ಸೆಯ ಬಗ್ಗೆ ಮೂರು ಲೆವೆಲ್ ಇವೆ. ಪರೀಕ್ಷೆ ಇಲ್ಲವೇ ಇಲ್ಲ. ಡಿನೈಯಲ್‌ಗೆ ಮುಖ್ಯ ಕಾರಣ ಇದೇ.

ಇನ್ನೊಂದು ತೊಡಕೂ ಇದೆ, ಅದನ್ನು ನೀವು ಕೇಳಲಿಲ್ಲ. 98940 ಅಂದರೆ ಒಂದು ಅಥವಾ ಎರಡು ಭಾಗ, 98941 ಅಂದರೆ ಮೂರು ಅಥವಾ ನಾಲ್ಕು, 98942 ಅಂದರೆ ಐದೂ. ಭಾಗಗಳು ಕುತ್ತಿಗೆ, ಎದೆಯ ಹಿಂಭಾಗದ ಬೆನ್ನು, ಸೊಂಟ, ಸೇಕ್ರಮ್, ಪೆಲ್ವಿಸ್. ಸಿ5, ಟಿ6, ಎಲ್4 ಅಂದರೆ ಮೂರು ಭಾಗ, ಲೆಕ್ಕಕ್ಕೆ 98941 ಸರಿ. ಆದರೆ ರೋಗಿ ಬಂದಿದ್ದು ಸೊಂಟನೋವಿಗೆ ಅಂತೀರಿ. ಕುತ್ತಿಗೆಯಲ್ಲಿ ತೊಂದರೆ ಇದೆ ಅಂತ ಹಿಸ್ಟರಿಯಲ್ಲಿ ಇದೆಯಾ? ಸಿ5ರಲ್ಲಿ, ಟಿ6ರಲ್ಲಿ ಪರೀಕ್ಷೆಯಿಂದ ಏನಾದರೂ ಸಿಕ್ಕಿತ್ತಾ? ಕ್ಲೇಮಿನಲ್ಲಿ ಕುತ್ತಿಗೆಯ ಎಂ99.01, ಬೆನ್ನಿನ ಎಂ99.02 ಇದ್ದವಾ? ರೋಗಿಯ ಲಕ್ಷಣಕ್ಕೂ ಹೆಸರಿಸಿದ ಲೆವೆಲ್ಲಿಗೂ ನೇರ ಸಂಬಂಧ ಇರಬೇಕು, ಆ ಮೂಳೆಯಿಂದ ಆ ಜಾಗದಲ್ಲಿ ನೋವು ಬರಲು ಸಾಧ್ಯ ಇರಬೇಕು ಅಂತ ಮ್ಯಾನ್ಯುಯಲ್ ಸ್ಪಷ್ಟವಾಗಿ ಹೇಳುತ್ತದೆ. ಬರೀ ‘ನೋವು’ ಅಂದರೆ ಸಾಲದು. ಕೆಲವು ಡಾಕ್ಟರ್‌ಗಳು ಪೂರ್ತಿ ಬೆನ್ನನ್ನು ಒಟ್ಟಿಗೆ ಸರಿಮಾಡಬೇಕು ಅಂತ ನಂಬಿ ಎಲ್ಲರಿಗೂ ಮೂರು ನಾಲ್ಕು ಕಡೆ ಅಡ್ಜಸ್ಟ್ ಮಾಡುತ್ತಾರೆ. ಅದು ಅವರ ವೃತ್ತಿಯ ನಂಬಿಕೆ. ಬಿಲ್ ಮಾಡುವಾಗ ಮಾತ್ರ ತೊಂದರೆ, ಪರೀಕ್ಷೆ, ಡಯಾಗ್ನೊಸಿಸ್ ಮೂರೂ ಇರುವ ಭಾಗಗಳನ್ನಷ್ಟೇ ಎಣಿಸಬೇಕು. ಈ ಅಕೌಂಟ್‌ನಲ್ಲಿ ಎಲ್ಲ ರೋಗಿಗೂ ಎಲ್ಲ ವಿಸಿಟ್‌ಗೂ 98941 ಹೋಗುತ್ತಿದೆಯಾ ಅಂತ ಒಮ್ಮೆ ನೋಡಿ. ಹೋಗುತ್ತಿದ್ದರೆ ಆ ಏಕರೂಪವೇ ರೆಕಾರ್ಡ್ ಕೇಳಿಸುತ್ತದೆ.

ಏಕರೂಪ ಅಂದಾಗ ಇದನ್ನೂ ಹೇಳಬೇಕು. ಡಿನೈಯಲ್ ಬಂತು ಅಂತ ಹೆದರಿ ಕ್ಲಿನಿಕ್ಕಿನವರು ಸಾಫ್ಟ್‌ವೇರಿನಲ್ಲಿ ಟೆಂಪ್ಲೇಟ್ ಮಾಡಿಸಿಕೊಳ್ಳುತ್ತಾರೆ. ಆಮೇಲೆ ಏಳನೇ ವಿಸಿಟ್‌ನಲ್ಲೂ 35 ಡಿಗ್ರಿ, ಹದಿನೈದನೇ ವಿಸಿಟ್‌ನಲ್ಲೂ 35 ಡಿಗ್ರಿ. ರೋಗಿಗೆ ‘ಚೆನ್ನಾಗಿ ಗುಣ ಆಗುತ್ತಿದೆ’, ಅಳತೆ ಮಾತ್ರ ಕದಲುವುದಿಲ್ಲ. ಇದು ಖಾಲಿ ನೋಟ್‌ಗಿಂತ ಕೆಟ್ಟದ್ದು ಅಂತ ನನ್ನ ಅಭಿಪ್ರಾಯ. ಖಾಲಿ ಇದ್ದರೆ ಬರೆದಿಲ್ಲ ಅಂತ ಅರ್ಥ. ಕಾಪಿ ಇದ್ದರೆ ಪರೀಕ್ಷೆಯನ್ನೇ ಮಾಡಿಲ್ಲವೇನೋ ಅನ್ನುವ ಅನುಮಾನ ಬರುತ್ತದೆ. ಟೆಂಪ್ಲೇಟ್ ಇರಲಿ, ಆದರೆ ನೋವಿನ ಅಂಕೆ, ಚಲನೆ, ಲೆವೆಲ್ ಈ ಜಾಗಗಳು ಪ್ರತಿ ಸಲ ಖಾಲಿಯಾಗಿಯೇ ತೆರೆದುಕೊಳ್ಳಲಿ ಅಂತ ಕ್ಲೈಂಟ್‌ಗೆ ಹೇಳಿ. ಹಿಂದಿನ ಸಲದ್ದು ತಾನಾಗಿ ಬಂದು ಕೂರಬಾರದು.

ಎಟಿ ಮಾಡಿಫೈಯರ್ ಬಗ್ಗೆ. ಇದು ಈಗ ಸಕ್ರಿಯ ಚಿಕಿತ್ಸೆ ನಡೆಯುತ್ತಿದೆ ಅಂತ ಡಾಕ್ಟರ್ ಕೊಡುವ ಮಾತು. ಅದಿಲ್ಲದಿದ್ದರೆ ಕ್ಲೇಮನ್ನು ಮೇಂಟೆನೆನ್ಸ್ ಅಂತ ತಿಳಿದು ಡಿನೈ ಮಾಡುತ್ತಾರೆ. ಹಾಗಂತ ಎಲ್ಲದಕ್ಕೂ ಎಟಿ ಅಂಟಿಸಿದರೆ ಅದು ಸುಳ್ಳು ಮಾತಾಗುತ್ತದೆ. ರೋಗಿ ಇನ್ನೂ ಸುಧಾರಿಸುವ ನಿರೀಕ್ಷೆ ಇದೆ, ಕಡೇಪಕ್ಷ ಓಡಾಟ, ಕೆಲಸ ಉತ್ತಮವಾಗುವ ನಿರೀಕ್ಷೆ ಇದೆ ಅಂದರೆ ಸಕ್ರಿಯ. ಇನ್ನು ಮೇಲಕ್ಕೆ ಹೋಗುವುದಿಲ್ಲ, ಇದ್ದಷ್ಟನ್ನು ಕಾಪಾಡಿಕೊಳ್ಳಲು ಬರುತ್ತಿದ್ದಾರೆ ಅಂದರೆ ಮೇಂಟೆನೆನ್ಸ್. ಅದಕ್ಕೆ ಮೆಡಿಕೇರ್ ಕೊಡುವುದಿಲ್ಲ. ವಿಸಿಟ್ ಇಷ್ಟೇ ಅಂತ ಮಿತಿ ಇಲ್ಲ. 12ನೇ ವಿಸಿಟ್‌ಗೆ ಏನೋ ಬಾಗಿಲು ಮುಚ್ಚುತ್ತದೆ ಅಂತ ಅನೇಕರು ನಂಬಿದ್ದಾರೆ, ಹಾಗೇನಿಲ್ಲ. ಸುಧಾರಣೆ ನಿಂತಿತಾ ಇಲ್ಲವಾ ಅನ್ನುವುದೇ ಪ್ರಶ್ನೆ, ಅದಕ್ಕೆ ಉತ್ತರ ಆ ನೋವಿನ ಅಂಕೆಯಲ್ಲಿ, ಕೂರುವ ನಿಮಿಷದಲ್ಲಿ, ಆಸ್ವೆಸ್ಟ್ರಿ ಸ್ಕೋರಿನಲ್ಲಿ ಇರುತ್ತದೆ. ನಿಂತಿದೆ ಅಂತ ಕಂಡರೆ ಚಿಕಿತ್ಸೆಗೆ ಮೊದಲೇ ರೋಗಿಗೆ ಎಬಿಎನ್ (ಮುಂಗಡ ಸೂಚನೆ) ಫಾರ್ಮ್ ಕೊಟ್ಟು, ಮೆಡಿಕೇರ್ ಕೊಡಲಿಕ್ಕಿಲ್ಲ, ನೀವೇ ಕೊಡಬೇಕಾಗಬಹುದು ಅಂತ ತಿಳಿಸಿ ಸಹಿ ಪಡೆಯಬೇಕು. ಕ್ಲೇಮಿಗೆ ಎಟಿ ಬಿಟ್ಟು, ಎಬಿಎನ್ ಪಡೆದಿದೆ ಅಂತ ಸೂಚಿಸುವ ಜಿಎ ಹಾಕಬೇಕು. ಎಬಿಎನ್ ಇಲ್ಲದೆ ಅಗತ್ಯ ಇಲ್ಲದ ಚಿಕಿತ್ಸೆ ಅಂತ ಡಿನೈ ಆದರೆ ಆ ದುಡ್ಡನ್ನು ಆಮೇಲೆ ರೋಗಿಯಿಂದ ವಸೂಲಿ ಮಾಡುವಂತಿಲ್ಲ.

ಇದೇ ಕ್ಲಿನಿಕ್ಕಿನ ಖಾಸಗಿ ಇನ್ಶೂರೆನ್ಸ್ ರೋಗಿಗಳಿಗೆ ನಿಮ್ಮ ಟ್ರೈನಿಂಗ್‌ನ 2021ರ ನಿಯಮ ಕೆಲಸಕ್ಕೆ ಬರುತ್ತದೆ. ಹೊಸ ರೋಗಿಗೆ 99203 ಮತ್ತು 98940 ಒಂದೇ ದಿನ ಹೋಗಬಹುದು, 99203ಕ್ಕೆ, ಅದು ಬೇರೆಯೇ ತಪಾಸಣೆ ಅಂತ ಸೂಚಿಸುವ 25 ಮಾಡಿಫೈಯರ್ ಹಾಕಿ. ಆದರೆ ಅಡ್ಜಸ್ಟ್‌ಮೆಂಟ್‌ಗೆ ಮೊದಲು ಮಾಡುವ ಸಣ್ಣ ತಪಾಸಣೆ ಮ್ಯಾನಿಪ್ಯುಲೇಶನ್ ಕೋಡಿನ ಒಳಗೇ ಸೇರಿದೆ. ಅದನ್ನೇ ಪ್ರತಿ ವಿಸಿಟ್‌ಗೂ 99213 ಅಂತ ಬೇರೆ ಬಿಲ್ ಮಾಡಬಾರದು. ಹೊಸ ತೊಂದರೆ, ಹೊಸ ಪೆಟ್ಟು, ನಿಗದಿತ ಮರುಪರೀಕ್ಷೆ ಇದ್ದರೆ ಮಾತ್ರ.

ಕೊನೆಗೆ, ಈ ಡಿನೈಯಲ್ ಏನು ಮಾಡುವುದು? ಮೊದಲ ಹಂತದ ಅಪೀಲ್, ಅಂದರೆ ರೀಡಿಟರ್ಮಿನೇಶನ್, ನಿರ್ಧಾರದ ಪತ್ರ ಕೈಸೇರಿದ 120 ದಿನದೊಳಗೆ ಹಾಕಬೇಕು. ಮೊದಲು ಡಾಕ್ಟರಿಗೆ ಲಿಖಿತವಾಗಿ ಒಂದು ಕ್ವೆರಿ ಕಳಿಸಿ. ‘ಆ ದಿನ ನೀವು ಚಲನೆ ಪರೀಕ್ಷೆ ಮಾಡಿದ್ದಿರಿ ಅಲ್ವಾ, ಬರೆದುಕೊಡಿ’ ಅಂತ ಕೇಳಬೇಡಿ, ಅದು ಉತ್ತರವನ್ನು ಬಾಯಿಗೆ ಇಟ್ಟಂತೆ. ‘ಆ ದಿನದ ಪರೀಕ್ಷೆಯ ದಾಖಲೆ ಚಾರ್ಟಿನಲ್ಲಿ ಬೇರೆ ಎಲ್ಲಾದರೂ ಇದೆಯಾ’ ಅಂತ ಕೇಳಿ. ಹಲವು ಕ್ಲಿನಿಕ್ಕುಗಳಲ್ಲಿ ಕೈಬರಹದ ಟ್ರಾವೆಲ್ ಕಾರ್ಡ್ ಇರುತ್ತದೆ. ಲೆವೆಲ್, ಚಲನೆ ಎಲ್ಲ ಅದರಲ್ಲಿ ಸಂಕ್ಷಿಪ್ತವಾಗಿ ಗೀಚಿರುತ್ತಾರೆ, ಸ್ಕ್ಯಾನ್ ಆಗಿರುವುದಿಲ್ಲ. ರೋಗಿ ತುಂಬಿದ ನೋವಿನ ಚಿತ್ರವೋ ಪ್ರಶ್ನಾವಳಿಯೋ ರಿಸೆಪ್ಷನ್ನಿನ ಫೈಲಿನಲ್ಲಿ ಉಳಿದಿರಬಹುದು. ಅವು ಸಿಕ್ಕರೆ ಮೊದಲ ವಿಸಿಟ್‌ನ ಪೂರ್ತಿ ನೋಟ್, ಪ್ಲಾನ್, ಆರನೇ ಮತ್ತು ಎಂಟನೇ ವಿಸಿಟ್‌ನ ನೋಟ್ ಎಲ್ಲ ಜೊತೆಗಿಟ್ಟು ಅಪೀಲ್ ಹಾಕಿ. ಗೀಚಿದ ಸಂಕ್ಷಿಪ್ತ ಅಕ್ಷರಗಳಿಗೆ ಅರ್ಥ ಕೊಡುವ ಪಟ್ಟಿಯೊಂದನ್ನೂ ಲಗತ್ತಿಸಿ. ಸಹಿ ಮಾತ್ರ ಬಿಟ್ಟುಹೋಗಿದ್ದರೆ ಡಾಕ್ಟರ್ ಅಟೆಸ್ಟೇಶನ್ ಸ್ಟೇಟ್‌ಮೆಂಟ್ ಕೊಡಬಹುದು, ಅದನ್ನು ಒಪ್ಪುತ್ತಾರೆ.

ಡಾಕ್ಟರ್ ಈಗ ಅಡೆಂಡಮ್ ಬರೆಯಬಹುದಾ? ನಿಯಮ ಬೇಡ ಅನ್ನುವುದಿಲ್ಲ. ತಡವಾಗಿ ಸೇರಿಸಿದ್ದು ಅಂತ ಎದ್ದುಕಾಣಬೇಕು, ಬರೆದ ದಿನದ ತಾರೀಖು ಇರಬೇಕು, ಬರೆದವರ ಗುರುತು ಮತ್ತು ಸಹಿ ಇರಬೇಕು, ಹಳೆಯ ಬರಹ ಅಳಿಸಿಹೋಗಬಾರದು. ಆದರೆ ತಿಂಗಳುಗಳ ಹಿಂದಿನ ಒಂದು ಮಂಗಳವಾರ ಯಾರದೋ ಸೊಂಟ 48 ಡಿಗ್ರಿ ಬಾಗಿತ್ತು ಅಂತ ಡಿನೈಯಲ್ ಬಂದ ಮೇಲೆ ನೆನಪಿಸಿಕೊಂಡು ಬರೆದರೆ ಯಾರು ನಂಬುತ್ತಾರೆ? ಬರೆಯಬೇಡಿ ಅಂತಲೇ ನಾನು ಸಲಹೆ ಕೊಡುತ್ತೇನೆ. ಅದರ ಬದಲು, ಚಾರ್ಟಿನಲ್ಲಿ ಈಗಾಗಲೇ ಇರುವುದನ್ನು ಆಧರಿಸಿ ಡಾಕ್ಟರ್ ಒಂದು ಪತ್ರ ಬರೆಯಲಿ, ಇವತ್ತಿನ ತಾರೀಖು ಹಾಕಿ.

ಎಲ್ಲೂ ಏನೂ ಸಿಗಲಿಲ್ಲ ಅಂದರೆ ಈ ಕ್ಲೇಮ್ ಹೋಯಿತು ಅಂತ ಕ್ಲೈಂಟ್‌ಗೆ ನೇರವಾಗಿ ಹೇಳಿ. 98940ಕ್ಕೆ ಇಳಿಸಿದರೂ ಉಳಿಯುವುದಿಲ್ಲ, ಪರೀಕ್ಷೆಯೇ ಇಲ್ಲದ ಮೇಲೆ ಒಂದು ಭಾಗಕ್ಕೂ ಆಧಾರ ಇಲ್ಲ. ಅದೇ ರೋಗಿಯ ಉಳಿದ ವಿಸಿಟ್‌ಗಳ ನೋಟ್ ಹೀಗೇ ಇದ್ದು, ಅವಕ್ಕೆ ದುಡ್ಡು ಬಂದಿದ್ದರೆ ಅದನ್ನೂ ಲಿಖಿತವಾಗಿ ತಿಳಿಸಿ. ಹೆಚ್ಚು ಬಂದ ದುಡ್ಡು ಅಂತ ಗುರುತಾದ ಮೇಲೆ ವಾಪಸ್ ಕೊಡಲು 60 ದಿನದ ನಿಯಮ ಇದೆ. ಏನು ಮಾಡಬೇಕು ಅಂತ ಅವರ ಕಂಪ್ಲಯನ್ಸ್ ಸಲಹೆಗಾರರು ನಿರ್ಧರಿಸಲಿ, ನೀವು ಮುಚ್ಚಿಡಬೇಡಿ. ಅದೇ ಇಮೇಲಿನಲ್ಲಿ ಮೇಲಿನ ನಾಲ್ಕೈದು ಸಾಲಿನ ಮಾದರಿ ನೋಟ್ ಒಂದನ್ನು ಇಂಗ್ಲಿಷಿನಲ್ಲಿ ಬರೆದು ಕಳಿಸಿ. ನಿಯಮದ ಹೆಸರು ಹೇಳಿದರೆ ಡಾಕ್ಟರ್‌ಗಳು ಓದುವುದಿಲ್ಲ, ಮಾದರಿ ಕೊಟ್ಟರೆ ಓದುತ್ತಾರೆ. ಮುಂದಿನ ವಾರದಿಂದ ಕ್ಲೇಮ್ ಬಿಡುವ ಮೊದಲು ಪ್ರತಿ ಮೆಡಿಕೇರ್ ನೋಟ್‌ನಲ್ಲಿ ಎ ಅಥವಾ ಆರ್ ಇದೆಯಾ, ಕಳೆದ ಸಲಕ್ಕಿಂತ ಏನು ಬದಲಾಗಿದೆ ಅಂತ ಇದೆಯಾ, ಎಣಿಸಿದ ಪ್ರತಿ ಭಾಗಕ್ಕೂ ಪರೀಕ್ಷೆ ಇದೆಯಾ, ಈ ಮೂರನ್ನು ನೋಡಿ. ಇಲ್ಲದಿದ್ದರೆ ಹೋಲ್ಡ್ ಮಾಡಿ ಆವತ್ತೇ ಕ್ವೆರಿ ಹಾಕಿ. ಡಾಕ್ಟರಿಗೆ ರೋಗಿಯ ನೆನಪು ಹಸಿಯಾಗಿರುವಾಗ ಬರುವ ಉತ್ತರಕ್ಕೂ, ಆರು ತಿಂಗಳಾದ ಮೇಲೆ ಬರುವ ಉತ್ತರಕ್ಕೂ ಪರಿಶೀಲಕರು ಒಂದೇ ಬೆಲೆ ಕೊಡುವುದಿಲ್ಲ.